ಎರವಲು ಮೂಗು

ಬೆಂಗಳೂರಿನಲ್ಲಿ 'ವೈನ್ ಶಾಪ್' ಎಂದು ಬೋರ್ಡು ಹಾಕಿಕೊಂಡ ಅಂಗಡಿಗೆ ಹೋಗಿ ವೈನ್ ಕೇಳಿದರೆ ಕೌಂಟರಿನ ಹಿಂದಿರುವವನು ನಿಮ್ಮನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾನೆ. ಅಲ್ಲಿ ವೈನ್ ಬಿಟ್ಟು ಮಿಕ್ಕೆಲ್ಲ ಸಿಗುತ್ತದೆ. ನಾನು ಕೆಲಸ ಮಾಡುವ ಇಂದಿರಾನಗರದ ಅಂಗಡಿಯೂ ಮೊದಲು ಹಾಗೇ ಇತ್ತು. ನಾನು ಹಿಂದುಗಡೆ ಬಿಯರ್ ಗೋಡೌನು ನೋಡಿಕೊಂಡಿದ್ದೆ. ಆ ರಸ್ತೆಗೆ ಹೊಸ ಹೋಟೆಲುಗಳೂ ಹೊಸ ಜನರೂ ಬಂದ ಮೇಲೆ ಮಾಲೀಕರು ಮೇಲಿನ ಮಹಡಿಗೆ ಏಸಿ ಹಾಕಿಸಿ, ಬಾಟಲಿಗಳನ್ನು ಅಡ್ಡಡ್ಡ ಮಲಗಿಸಿ, ಅಲ್ಲಿಗೆ ನನ್ನನ್ನು ಹತ್ತಿಸಿದರು. ನಾನೇ ಯಾಕೆ ಎಂದು ಕೇಳಿದೆ. ಕನ್ನಡ, ತಮಿಳು, ಇಂಗ್ಲಿಷು, ಅಷ್ಟಿಷ್ಟು ದಖನಿ ಉರ್ದು ಬರುತ್ತದೆ, ಮೇಲಾಗಿ ಹೊಟ್ಟೆ ಇದೆ, ಹೊಟ್ಟೆ ಇರುವವರು ಹೇಳಿದರೆ ಜನ ನಂಬುತ್ತಾರೆ ಎಂದರು.

ಜನ ನಂಬಿದರು. ಹೆಸರುವಾಸಿ ವೈನ್ ಕೇಳಿಕೊಂಡು ಬಂದವರನ್ನು ನಾನು ಮಾತಾಡಿಸುತ್ತಲೇ ಕೊನೆಯ ಕಪಾಟಿನ ಕಡೆ ನಡೆಸಿಬಿಡುತ್ತೇನೆ. ಅಲ್ಲಿರುವುದೆಲ್ಲ ಯಾರೂ ಕೇಳಿರದ ಊರು, ಬಾಯಿಗೆ ಬಾರದ ದ್ರಾಕ್ಷಿ. ಗ್ರೀಸಿನ ದ್ವೀಪದ ಅಸ್ಸಿರ್ತಿಕೊ. ಅಲ್ಲಿ ಗಾಳಿಯ ಹೊಡೆತಕ್ಕೆ ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ ನೆಲದ ಮೇಲೆಯೇ ಬುಟ್ಟಿಯ ಹಾಗೆ ಸುತ್ತುತ್ತಾರಂತೆ. ಜಾರ್ಜಿಯಾದ ಸಪೆರಾವಿ, ಅಲ್ಲಿ ದ್ರಾಕ್ಷಿರಸವನ್ನು ನೆಲದಲ್ಲಿ ಹೂತ ಮಣ್ಣಿನ ಗುಡಾಣಗಳಲ್ಲಿ ಹುದುಗಲು ಬಿಡುತ್ತಾರೆ. ಹಂಗೆರಿಯ ಫುರ್ಮಿಂಟ್. ಅರ್ಜೆಂಟೀನಾದ ಬೆಟ್ಟದ ಮೇಲಿನ ತೊರೊಂತೆಸ್. ಇದನ್ನು ಜನ ನನ್ನ ಅಭಿರುಚಿ ಎಂದುಕೊಂಡಿದ್ದಾರೆ. ಅಸಲಿಗೆ ಅದು ಹೆದರಿಕೆ. ಫ್ರಾನ್ಸಿನ ವೈನ್ ಬಗ್ಗೆ ಬಾಯಿ ತೆಗೆದರೆ ಎದುರಿಗಿರುವವರು ಹೋದ ತಿಂಗಳು ತಾನೇ ಅಲ್ಲಿಗೆ ಹೋಗಿ ಬಂದಿರುತ್ತಾರೆ. ಯಾರಿಗೂ ಗೊತ್ತಿಲ್ಲದ ದ್ರಾಕ್ಷಿಯಾದರೆ ನನ್ನ ತಪ್ಪು ಹಿಡಿಯುವುದಕ್ಕೆ ಅವರೂ ಓದಿಕೊಂಡು ಬರಬೇಕಾಗುತ್ತದೆ, ಅಷ್ಟರಲ್ಲಿ ಬಾಟಲಿ ಮುಗಿದಿರುತ್ತದೆ.

ಇನ್ನೊಂದು ಸಂಗತಿಯಿದೆ. ನನಗೆ ಮೂಗಿಲ್ಲ. ಮುಖದ ಮೇಲೆ ಇರುವುದು ಕನ್ನಡಕ ನಿಲ್ಲಿಸುವುದಕ್ಕೆ ಸಾಕು, ಅಷ್ಟೆ. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತು ಒದ್ದೆ ಗೋಣಿಯ ವಾಸನೆ, ಚೆಲ್ಲಿದ ಬಿಯರಿನ ವಾಸನೆ ಎರಡನ್ನು ಮಾತ್ರ ಅದು ಗಟ್ಟಿಯಾಗಿ ಕಲಿತಿತ್ತು. ಕಪಾಟಿನ ಕೆಳಗೆ ಅಂಟಿಸಿದ ಪುಟ್ಟ ಕಾರ್ಡುಗಳಲ್ಲಿ ನೀವು ಓದುವ ಮಾತೆಲ್ಲ ನನ್ನ ಹೆಂಡತಿಯದು.

ಅವಳು ಹಲಸೂರಿನವಳು. ಅವಳಮ್ಮ ಬಜಾರ್ ಬೀದಿಯಲ್ಲಿ ಹೂವಿನಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಅಂಗಡಿಯ ಹಲಗೆಯ ಕೆಳಗೆ ಕೂತು, ದವನ, ಮರುಗ, ಮಲ್ಲಿಗೆ, ಬಾಳೆನಾರು ಇವುಗಳ ನಡುವೆ ಲೆಕ್ಕ ಮಾಡಿಕೊಂಡು ಬೆಳೆದವಳು. ನಿನ್ನೆಯ ಮಲ್ಲಿಗೆಯನ್ನು ಇವತ್ತಿನ ಮಲ್ಲಿಗೆಯ ಜತೆ ಯಾರಾದರೂ ಬೆರೆಸಿದ್ದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ, ನಾನು ಗೋಡೌನಿನಿಂದ ನೇರ ಬಂದೆ ಎಂದು ಹೇಳಿದ ಒಂದು ಸಂಜೆ, ನಾನು ತಿಂದ ಬಿರಿಯಾನಿ ಶಿವಾಜಿನಗರದ್ದೋ ಫ್ರೇಜರ್ ಟೌನಿನದ್ದೋ ಎಂದಷ್ಟೇ ಕೇಳಿದ್ದಳು.

ವೈನ್ ಅವಳು ಕುಡಿಯುವವಳಲ್ಲ. ಏಜೆಂಟರು ರುಚಿ ತೋರಿಸಲು ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಶನಿವಾರ ನಾನು ಮನೆಗೆ ತರುತ್ತಿದ್ದೆ. ಭಾನುವಾರ ಬೆಳಗ್ಗೆ, ಕಾಫಿ ಕುಡಿಯುವ ಮುಂಚೆ, ಅವಳು ಚಿಕ್ಕ ಸ್ಟೀಲ್ ಲೋಟದಲ್ಲಿ ಒಂದು ಗುಟುಕಿನಷ್ಟು ಹಾಕಿಸಿಕೊಂಡು ಮೂಸುತ್ತಿದ್ದಳು. ವೈನ್ ಬಲ್ಲವರು ಇದನ್ನು ನೋಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅಸ್ಸಿರ್ತಿಕೊ ಮೂಸಿ, ಉಪ್ಪಿನಕಾಯಿಗೆ ಹೆಚ್ಚಿಟ್ಟ ನಿಂಬೆಹಣ್ಣು, ಎಣ್ಣೆ ಕಾಯಿಸಿ ಹಾಕುವುದಕ್ಕೆ ಮುಂಚೆ, ಎಂದಳು. ಸಪೆರಾವಿಗೆ, ನೇರಳೆಹಣ್ಣು ತಿಂದ ಬಾಯಲ್ಲಿ ಕಬ್ಬಿಣದ ಸೌಟು ನೆಕ್ಕಿದ ಹಾಗೆ ಎಂದಳು. ಫುರ್ಮಿಂಟ್ ಹೊಗೆ ತಗುಲಿದ ದೋರೆ ಸೀಬೆಕಾಯಿಯಂತೆ. ನಾನು ಅದನ್ನು ಹಾಗೆಯೇ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಅಂಟಿಸುತ್ತಿದ್ದೆ.

ತೊರೊಂತೆಸ್ ಮೊದಲ ಸಲ ತಂದ ದಿನ ಮಾತ್ರ ಅವಳು ಲೋಟ ಹಿಡಿದುಕೊಂಡು ತುಂಬ ಹೊತ್ತು ಕೂತಳು. ಆಮೇಲೆ, "ಸಂಜೆ ಬುಟ್ಟಿ ಮೇಲಿನ ಒದ್ದೆ ಬಟ್ಟೆ ತೆಗೆದ್ರೆ ಬರುತ್ತಲ್ಲ, ಅದೇ. ಇದು ಅಮ್ಮನ ಅಂಗಡಿ ರೀ" ಎಂದಳು. ಆಗಿನ್ನೂ ಅತ್ತೆ ಇದ್ದರು. ಅವರಿಗೂ ಮೂಸಲು ಕೊಟ್ಟಳು. ಅತ್ತೆ ಮೂಸಿ, ಹೂವು ಸರಿ, ಆದರೆ ಮಾರುವ ಹೂವಲ್ಲ, ಬಾಡಿದ್ದು ಎಂದು ತೀರ್ಪು ಕೊಟ್ಟು ವಾಪಸ್ ಕೊಟ್ಟರು. ಆ ವೈನಿನ ವಾಸನೆ ಸಿಹಿ, ಬಾಯಿಗೆ ಹಾಕಿಕೊಂಡರೆ ಸಿಹಿಯಿಲ್ಲ. ಮೊದಲ ಸಲ ವೈನ್ ಕುಡಿಯುವವರಿಗೆ, ಮನೆಯಲ್ಲಿ ಖಾರದ ಊಟ ಮಾಡುವವರಿಗೆ, ನಾನು ಈಗಲೂ ಮೊದಲು ಹೇಳುವುದು ಅದನ್ನೇ.

ಅತ್ತೆ ತೀರಿಕೊಂಡ ಮೇಲೆ ಅಂಗಡಿ ಬೇರೆಯವರ ಕೈಗೆ ಹೋಯಿತು. ಇವಳು ತಂದುಕೊಂಡದ್ದು ಒಂದೇ ಒಂದು ನೂಲಿನ ಸೀರೆ. ಕೊನೆಯ ಸಲ ಉಟ್ಟು ಬಿಚ್ಚಿಟ್ಟದ್ದು, ಒಗೆಯದೆ ಇದ್ದದ್ದು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಳು. ವರ್ಷಕ್ಕೊಮ್ಮೆ, ಅಮ್ಮ ಹೋದ ತಿಥಿಯ ದಿನ, ಎಡೆ ಇಟ್ಟು ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ತೆಗೆದು ಮೂಸಿ ಮತ್ತೆ ಕಟ್ಟಿಡುತ್ತಿದ್ದಳು. ಅಷ್ಟು ಆಸೆಯಿದ್ದರೆ ಬೇಕಾದಾಗ ತೆಗೆದು ನೋಡಬಾರದೇ ಎಂದು ನಾನು ಒಮ್ಮೆ ಕೇಳಿದೆ.

"ಖರ್ಚಾಗ್ಬಿಡುತ್ತೆ ರೀ" ಎಂದಳು.

ನಾನು ನನ್ನ ಕಸುಬಿನ ಜ್ಞಾನ ಉಪಯೋಗಿಸಿದೆ. ತೆರೆದ ವೈನಿಗೆ ಶತ್ರು ಗಾಳಿ, ಗಾಳಿ ತೆಗೆದು ಮುಚ್ಚಿದರೆ ಬಾಳಿಕೆ ಹೆಚ್ಚು ಎಂದೆಲ್ಲ ಭಾಷಣ ಮಾಡಿ ಜಿಪ್ ಇರುವ ದೊಡ್ಡ ಕವರು ತಂದುಕೊಟ್ಟೆ. ಅಂದಿನಿಂದ ಸೀರೆಯನ್ನು ಅದರಲ್ಲಿಟ್ಟು, ಮಂಡಿಯೂರಿ ಕೂತು, ಅಂಗೈಯಿಂದ ಒತ್ತಿ ಒತ್ತಿ ಗಾಳಿ ಹೊರಡಿಸಿ ಜಿಪ್ ಎಳೆಯುತ್ತಿದ್ದಳು. ನಮ್ಮ ಮದುವೆಯಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಅವಳು ಪೂರ್ತಿ ಪಾಲಿಸಿದ್ದು ಅದೊಂದೇ ಇರಬೇಕು.

ಆಮೇಲೆ ಊರಿಗೆಲ್ಲ ಬಂದ ಜ್ವರ ನಮ್ಮ ಮನೆಗೂ ಬಂತು. ಇಬ್ಬರಿಗೂ ಬಂತು. ಕಾಯಿಲೆಯ ವಿಷಯದಲ್ಲಿ ನಾನು ಮೊದಲೇ ಪುಕ್ಕಲ. ಬೆರಳಿಗೆ ಸಿಕ್ಕಿಸುವ ಯಂತ್ರ ತಂದು ಕಾಫಿಗೊಮ್ಮೆ, ಊಟಕ್ಕೊಮ್ಮೆ ನನ್ನ ಉಸಿರನ್ನು ನಾನೇ ಪರೀಕ್ಷೆ ಮಾಡಿಕೊಳ್ಳುತ್ತ ಮಲಗಿದ್ದೆ. ಅವಳು ಗಂಜಿ ಮಾಡಿ ಕೊಡುತ್ತಿದ್ದಳು, ಉಪ್ಪು ಸರಿಯಿದೆಯೇ ಎಂದು ನನ್ನನ್ನು ಕೇಳುತ್ತಿದ್ದಳು. ವಾಸನೆ ಹೋಗಿದೆ ಎಂದು ಅವಳು ಹೇಳಿದಾಗ, ಎಲ್ಲರಿಗೂ ಹೋಗುತ್ತದೆ, ಬರುತ್ತದೆ ಎಂದೆ. ಆಮೇಲೆ ದಿನವೂ ಕೇಳಿದೆ. ಬಂತೇ? ಸ್ವಲ್ಪವಾದರೂ? ಲವಂಗ ಮೂಸಿ ನೋಡಿದೆಯಾ? ಒಂದು ದಿನ, ಬಂತು ಎಂದಳು. ಭಾನುವಾರದ ಲೋಟ ಮತ್ತೆ ಹೊರಗೆ ಬಂತು.

ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ವಾಪಸ್ ಬಂದು ನೋಡುವವನು ನಾನು. ನಲ್ಲಿ, ಬೀಗ, ಪ್ಯಾನ್ ಕಾರ್ಡು, ಯಕೃತ್ತು ಎಲ್ಲದರ ಬಗ್ಗೆಯೂ ಸರದಿಯಲ್ಲಿ ಚಿಂತೆ ಮಾಡುತ್ತೇನೆ. ಅಂಥ ನನಗೆ, ಮನೆಯಲ್ಲಿ ಹಾಲು ಕೆಟ್ಟಿದೆಯೇ ಎಂದು ಅವಳು ನನ್ನ ಕೈಲಿ ಮೂಸಿಸುತ್ತಿದ್ದದ್ದು, ಒಗ್ಗರಣೆ ಆಗಾಗ ಸೀಯುತ್ತಿದ್ದದ್ದು, ಸಂಜೆ ಹೊತ್ತು ಒಂದರ ಬದಲು ಎರಡು ಊದಿನಕಡ್ಡಿ ಉರಿಯುತ್ತಿದ್ದದ್ದು ಕಣ್ಣಿಗೆ ಬೀಳಲಿಲ್ಲ. ಆ ವರ್ಷ ಅಮ್ಮನ ತಿಥಿಯ ದಿನವೂ ಬಾಗಿಲು ಹಾಕಿಕೊಂಡಳು. ಎಂದಿಗಿಂತ ಬೇಗ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಅದು ಪ್ರತಿ ವರ್ಷದ ಕೆಂಪು ಎಂದುಕೊಂಡು ನಾನು ಪಾಯಸ ಮತ್ತೊಂದು ಲೋಟ ಬಗ್ಗಿಸಿಕೊಂಡೆ.

ವಿಷಯ ಹೊರಬಿದ್ದದ್ದು ಒಂದು ಕೆಟ್ಟ ಬಾಟಲಿಯಿಂದ.

ಫ್ರೇಜರ್ ಟೌನಿನ ಒಬ್ಬ ನಿವೃತ್ತ ಡಾಕ್ಟರು ನಮ್ಮ ಕೊನೆಯ ಕಪಾಟಿನ ಖಾಯಂ ಗಿರಾಕಿ. ಕಾರ್ಡು ಓದಿಯೇ ಕೊಳ್ಳುವವರು. ಗ್ರೀಸಿನ ಉತ್ತರದ ಬೆಟ್ಟಗಳ ಕೆಂಪು ವೈನ್ ಒಂದಿದೆ, ಕ್ಸಿನೊಮಾವ್ರೊ ಎಂದು. ಹೆಸರು ಹೇಳುವಾಗ ಸೀನು ಬಂದಂತಾಗುತ್ತದೆ. ಬಣ್ಣ ತೆಳುವು, ಹುಳಿ ಜಾಸ್ತಿ, ಮಟನ್ ಸಾರಿನ ಜತೆ ಅದರಷ್ಟು ಹೊಂದುವ ವೈನ್ ನಾನು ಕಂಡಿಲ್ಲ. ಡಾಕ್ಟರು ಅದನ್ನು ಕೊಂಡು, ತೆರೆದು, ಮಾರನೇ ದಿನ ವಾಪಸ್ ತಂದರು. ಕಾರ್ಕಿಗೆ ಬೂಷ್ಟು ಹಿಡಿದಿದೆ ಎಂದರು. ಹಾಗಾಗುವುದುಂಟು, ಎಲ್ಲೋ ಒಂದು ಬಾಟಲಿಗೆ. ಯಾರ ತಪ್ಪೂ ಅಲ್ಲ. ಬೇರೆ ಕೊಟ್ಟು ಕಳಿಸಿದೆ. ಆ ವಾರದ ಶನಿವಾರ ಏಜೆಂಟರೂ ಅದೇ ವೈನಿನ ಹೊಸ ವರ್ಷದ ಬೆಳೆಯ ಬಾಟಲಿ ತೆರೆದು ತೋರಿಸಿದರು. ಕೌಂಟರಿನ ಕೆಳಗೆ ಅರ್ಧರ್ಧ ಉಳಿದ ಎರಡು ಬಾಟಲಿ. ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಬೀಗ ಹಾಕಿದೆನೇ ಎಂದು ಎರಡು ಸಲ ನೋಡಿದವನು ಯಾವ ಬಾಟಲಿ ಚೀಲಕ್ಕೆ ಹಾಕಿದೆ ಎಂದು ಒಂದು ಸಲವೂ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಲೋಟಕ್ಕೆ ಬಗ್ಗಿಸುವಾಗಲೇ ನನ್ನ ಮೂಗಿಗೆ ಹೊಡೆಯಿತು. ಮಳೆನೀರು ನುಗ್ಗಿದ ಗೋಡೌನಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಗೋಣಿಚೀಲ. ನನಗೆ ಗೊತ್ತಿರುವ ಎರಡು ವಾಸನೆಗಳಲ್ಲಿ ಒಂದು. ಅಯ್ಯೋ, ತಪ್ಪು ಬಾಟಲಿ ತಂದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಲೋಟ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ್ದಳು.

"ಬಿಸಿಲಲ್ಲಿ ಒಣಗಿಸಿದ ಟೊಮ್ಯಾಟೊ" ಎಂದಳು. "ಆಲಿವ್. ಸ್ವಲ್ಪ ಲವಂಗ. ಚೆನ್ನಾಗಿದೆ, ಬರ್ಕೊಳ್ಳಿ."

ನಮ್ಮ ಮನೆಗೆ ಆಲಿವ್ ಎಂಬ ಪದಾರ್ಥ ಯಾವತ್ತೂ ಬಂದಿಲ್ಲ. ಬಾಟಲಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬಂದಿತ್ತು, ಟೊಮ್ಯಾಟೊ ಪಕ್ಕದಲ್ಲೇ.

ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಎಷ್ಟು ಹೊತ್ತಾದರೂ ಬರೆಯದಿದ್ದುದನ್ನು ನೋಡಿ ಅವಳು ಕಣ್ಣು ತೆರೆದಳು. ನನ್ನ ಮುಖ ನೋಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಕೆಟ್ಟೋಗಿದ್ಯಾ?"

ಹೌದೆಂದೆ. ಯಾವಾಗಿನಿಂದ ಎಂದು ಕೇಳಿದೆ. ಜ್ವರ ಬಂದಾಗಿನಿಂದಲೇ ಎಂದಳು.

"ಬಂತು ಅಂದ್ಯಲ್ಲೇ."

"ನೀವು ದಿನಾ ಕೇಳ್ತಿದ್ರಿ. ಇಲ್ಲ ಅಂದಾಗೆಲ್ಲ ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ. ಕೇಳೋದು ನಿಲ್ಲಿಸ್ಲಿ ಅಂತ ಬಂತು ಅಂದೆ."

ಹಳೆಯ ವೈನ್ ಬಂದರೆ ಹಳೆಯ ಕಾರ್ಡಿನ ಮಾತನ್ನೇ ತಿರುಗಿಸಿ ಹೇಳುತ್ತಿದ್ದಳಂತೆ. ಹೊಸದು ಬಂದರೆ ನಾನು ಸ್ನಾನಕ್ಕೆ ಹೋದಾಗ ಬೆನ್ನಿನ ಚೀಟಿ ಓದಿಕೊಳ್ಳುತ್ತಿದ್ದಳಂತೆ. ನಿನ್ನ ಮೂಗಿನಿಂದ ಅಂಗಡಿ ನಡೆಯಬೇಕಾಗಿಲ್ಲ, ನನಗೆ ಹೇಳಬಾರದಿತ್ತೇ ಎಂದೆ. ಅಂಗಡಿ ನಡೆಯುತ್ತದೆ, ನೀವು ನಡೆಯಬೇಕಲ್ಲ ಎಂದಳು. ಹೋದ ತಿಥಿಯ ಕೆಂಪು ಕಣ್ಣು ಆಗ ನೆನಪಾಯಿತು. ಅದನ್ನು ಕೇಳುವ ಧೈರ್ಯ ಬರಲಿಲ್ಲ. ಎದ್ದು ಹೋಗಿ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿ ಬಂದೆ. ಆ ಚಿಂತೆಗೆ ಈಗ ನಿಜವಾದ ಕಾರಣ ಸಿಕ್ಕಿತ್ತು.

ಮೂಗಿನ ಡಾಕ್ಟರು ನರದ ವಿಷಯ ಎಂದರು. ತಡವಾಗಿ ಬಂದಿದ್ದೀರಿ, ಬಂದರೂ ಬರಬಹುದು, ಬಾರದೆಯೂ ಇರಬಹುದು, ಅಭ್ಯಾಸ ಮಾಡಿಸಿ ಎಂದರು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ. ಬೆಳಗ್ಗೆ ಸಂಜೆ ಒಂದೊಂದನ್ನೂ ಮೂಸಬೇಕು, ಮೂಸುವಾಗ ಅದರ ವಾಸನೆಯನ್ನು ಮನಸ್ಸಿನಲ್ಲಿ ನೆನೆಯಬೇಕು. ಅವಳು ಶ್ರದ್ಧೆಯಿಂದ ಮಾಡಿದಳು. ನೆನೆಯೋದು ಚೆನ್ನಾಗಿ ಬರುತ್ತೆ, ಮೂಸೋದೇ ಬರಲ್ಲ ಎಂದು ಒಂದು ದಿನ ನಕ್ಕಳು. ನಾನು ಅಂಗಡಿಯಲ್ಲಿ ಅತಿ ಹೆಚ್ಚು ಪರಿಮಳವಿರುವುದೆಲ್ಲ ಹುಡುಕಿ ತಂದೆ. ಪೈನ್ ಮರದ ಅಂಟು ಬೆರೆಸಿದ ಗ್ರೀಕ್ ವೈನ್ ಒಂದನ್ನು ತಂದರೆ ನನಗೇ ತಲೆ ತಿರುಗಿತು. ಅವಳು, ಕಹಿ ಎಂದಳು. ತೊರೊಂತೆಸ್ ತಂದೆ. ತುಂಬ ಹೊತ್ತು ಹಿಡಿದುಕೊಂಡಿದ್ದು, "ತಣ್ಣಗಿದೆ. ಹುಳಿ" ಎಂದಳು. ಅಷ್ಟೇ ಹೇಳಿದ್ದಕ್ಕೆ ನನಗೆ ನೋವಾಯಿತು, ಅಷ್ಟನ್ನೇ ಹೇಳಿದ್ದಕ್ಕೆ ಸಮಾಧಾನವೂ ಆಯಿತು. ಸುಳ್ಳು ನಿಲ್ಲಿಸಿದ್ದಳು.

ದ್ರಾಕ್ಷಿಯ ಕಾಲ ಬಂದಾಗ ರಸೆಲ್ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಬೆಂಗಳೂರು ನೀಲಿ ದ್ರಾಕ್ಷಿಯ ವಾಸನೆ ಹಿಡಿಯುವುದಕ್ಕೆ ಮೂಗು ಬೇಕಾಗಿಲ್ಲ, ನನಗೇ ಹಿಡಿಯುತ್ತದೆ. ವೈನ್ ಪಂಡಿತರು ಆ ದ್ರಾಕ್ಷಿಯನ್ನು ಕೀಳಾಗಿ ಕಾಣುತ್ತಾರೆ, ನರಿಯ ವಾಸನೆ ಎನ್ನುತ್ತಾರೆ. ನರಿಯನ್ನು ಅವರು ಯಾವಾಗ ಮೂಸಿದರೋ. ಕಂಟೋನ್ಮೆಂಟಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆಂದು ಜಾಡಿಯಲ್ಲಿ ಹಾಕಿಡುವ ವೈನ್ ಅದರದೇ. ಕೇಕಿನ ಜತೆ ಒಂದು ಪುಟ್ಟ ಗ್ಲಾಸು ಕೊಟ್ಟರೆ ಬೇಡವೆನ್ನಬೇಡಿ. ಯಾರೂ ಅರಿಯದ ದ್ರಾಕ್ಷಿ, ಯಾರೂ ಅರಿಯದ ಊರು ಎಂದು ನಾನು ಭೂಪಟವೆಲ್ಲ ತಿರುಗಿಸುತ್ತೇನಲ್ಲ, ಕೆ.ಆರ್. ಪುರದ ಆಚೆ ಒಂದು ಕಾಲಕ್ಕೆ ಇದೇ ದ್ರಾಕ್ಷಿಯ ಚಪ್ಪರಗಳಿದ್ದವು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ಅಲ್ಲಿಂದ ಬರುವವರು ನನ್ನ ಬಳಿ ಗ್ರೀಸಿನ ವೈನ್ ಕೊಳ್ಳುತ್ತಾರೆ.

ಹಣ್ಣಿನ ವ್ಯಾಪಾರಿ ಇವಳನ್ನು ಮೊದಲಿನಿಂದ ಬಲ್ಲವರು. ಒಂದು ಗೊಂಚಲು ಎತ್ತಿ ಅವಳ ಮುಖದ ಹತ್ತಿರ ಹಿಡಿದು, "ಮೂಸ್ಕೊಂಡೇ ರೇಟು ಹೇಳೋರು ನೀವು, ಹೇಳಿ ಅಕ್ಕಾ" ಎಂದರು. ಅವಳು ಗೊಂಚಲು ಕೈಗೆ ತೆಗೆದುಕೊಂಡಳು. ಮೂಸಲಿಲ್ಲ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಚೌಕಾಸಿ ಮಾಡದೆ ಒಂದು ಕೆಜಿ ತೂಗಿಸಿಕೊಂಡಳು. ವ್ಯಾಪಾರಿ ಅನುಮಾನದಿಂದ ನನ್ನ ಮುಖ ನೋಡಿದರು. ಆಟೋದಲ್ಲಿ ಬರುವಾಗ, ಎಲ್ಲ ಇದೆ, ಗಾಜಿನ ಆಚೆ ಇದೆ ಎಂದಳು.

ಈ ವರ್ಷದ ತಿಥಿ ಬಂತು. ಎಡೆ ಇಟ್ಟು, ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಬಂದಳು. ಬೀರುವಿನಿಂದ ಕವರು ಇಳಿಸಿದಳು. ಕೋಣೆಯ ಬಾಗಿಲು ಹಾಕಲಿಲ್ಲ. ಹೊರಗೆ ಕೂತಿದ್ದ ನನ್ನನ್ನು ಕರೆದಳು.

"ಹೋದ ಸಲ ಏನೂ ಗೊತ್ತಾಗ್ಲಿಲ್ಲ" ಎಂದಳು. "ನೀವು ನೋಡಿ ಹೇಳಿ. ಇದ್ಯಾ ಅಂತ."

ಸೀರೆ ತಿಳಿ ಹಸಿರು, ಅಂಚು ಮಾಸಿತ್ತು. ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡೆ. ಅತ್ತೆಯ ಸೀರೆಗೆ ಹಾಗೆ ಮುಖ ಕೊಡುವುದಕ್ಕೆ ಸಂಕೋಚವಾಯಿತು. ಉಸಿರೆಳೆದೆ. ಬಟ್ಟೆ. ಕವರಿನ ಪ್ಲಾಸ್ಟಿಕ್. ಬೇರೇನೂ ಇಲ್ಲ. ಇನ್ನೊಮ್ಮೆ ಎಳೆದೆ. ಅವಳು ಮಂಚದ ಅಂಚಿನಲ್ಲಿ ಕೂತು, ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಹುಡುಗಿಯ ಹಾಗೆ ನನ್ನನ್ನೇ ನೋಡುತ್ತಿದ್ದಳು. ಇಲ್ಲದ ವಾಸನೆಯ ಬಗ್ಗೆ ದಿನವಿಡೀ ಗಿರಾಕಿಗಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು.

"ಇದೆ ಕಣೇ" ಎಂದೆ. "ಮಲ್ಲಿಗೆ. ಸ್ವಲ್ಪ ದವನ. ಒದ್ದೆ ಬಾಳೆನಾರು."

ಅವಳು ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಇದು ಮನೇಲಿ ಉಡೋ ಸೀರೆ ರೀ. ಅಮ್ಮ ಅಂಗಡಿಯಿಂದ ಬಂದ ತಕ್ಷಣ ಸ್ನಾನ ಮಾಡಿ ಇದನ್ನ ಉಡ್ತಿದ್ಲು. ದಿನವೆಲ್ಲ ಹೂವು ಮೂಸಿ ಸಾಕಾಗಿದೆ ಅಂತ. ಇದ್ರಲ್ಲಿ ಹೂವಿನ ವಾಸನೆ ಯಾವತ್ತೂ ಇರ್ಲಿಲ್ಲ."

ಏನಿತ್ತು ಎಂದು ಕೇಳಿದೆ. ಹರಳೆಣ್ಣೆ ಎಂದಳು. ವೀಳ್ಯದೆಲೆ. ಕತ್ತಿನ ಹತ್ತಿರ ಸ್ವಲ್ಪ ಬೆವರು, ಹುರಿದ ಮೆಂತ್ಯದ ಹಾಗೆ. ಹೇಳುವಾಗ ಸೆರಗಿನ ಯಾವ ಜಾಗ ಎಂದು ಬೆರಳಿಟ್ಟು ತೋರಿಸುತ್ತ ಹೋದಳು. ನಾನು ಅವಳು ತೋರಿಸಿದ ಜಾಗಕ್ಕೆಲ್ಲ ಬಗ್ಗಿ ಮತ್ತೆ ಮೂಸಿದೆ. ಈ ಸಲ ನಿಜ ಹೇಳಿದೆ. ನನಗೆ ಏನೂ ಬರುತ್ತಿಲ್ಲ ಎಂದೆ.

"ನಿಮ್ಮ ಮೂಗಿಗೆ ಬರ್ತಿಲ್ವೋ, ಸೀರೇಲೇ ಇಲ್ವೋ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಅದನ್ನು ಹೇಳಬಲ್ಲ ಮೂಗು ಈ ಮನೆಯಲ್ಲಿ ಒಂದೇ ಇತ್ತು.

ಬೇರೆ ಯಾರಿಗಾದರೂ ಕೊಟ್ಟು ನೋಡೋಣವೇ ಎಂದು ಕೇಳಿದೆ. ಅಮ್ಮನ ವಾಸನೆ ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದಳು. ಸೀರೆಯನ್ನು ಹಳೆಯ ಮಡಿಕೆಯ ಗೆರೆಯಲ್ಲೇ ಮಡಿಚಿದಳು. ಕವರಿನೊಳಗಿಟ್ಟು ನನ್ನ ಕಡೆ ತಳ್ಳಿದಳು. ಈ ಸಲ ನಾನೇ ಮಂಡಿಯೂರಿ ಕೂತೆ, ಅಂಗೈಯಿಂದ ಒತ್ತಿ ಒತ್ತಿ ಗಾಳಿ ತೆಗೆದೆ. ಗಾಳಿ ಪೂರ್ತಿ ಹೋಗಿಲ್ಲ ಎಂಬ ಅನುಮಾನ ಬಂದು ಜಿಪ್ ಬಿಚ್ಚಲು ಹೊರಟೆ. ಅವಳು ಕೈ ಹಿಡಿದು, "ಸಾಕು ಬಿಡಿ, ಇರೋದೂ ಹೋಗುತ್ತೆ" ಎಂದಳು.

ಸಂಜೆ ಅಡುಗೆಮನೆಯಿಂದ ಕೂಗಿದಳು, ಹಾಲು ಬೆಳಗ್ಗಿನದು, ಮೂಸಿ ನೋಡಿ ಎಂದು. ಹೋಗಿ ಮೂಸಿದೆ. ಕೆಟ್ಟಿಲ್ಲ ಎಂದೆ. ಅವಳು ಒಂದು ಚಮಚ ತೆಗೆದು ನಾಲಿಗೆಯ ಮೇಲೆ ಹಾಕಿಕೊಂಡು ನೋಡಿ, ಆಮೇಲೆ ಒಲೆಯ ಮೇಲಿಟ್ಟಳು.